ಅಂಗಡಿಗೆ ಕಳ್ಳರ ತಂಡ ಬಂದರೆ: ಮಾಲೀಕರಿಗೂ ಕೌಂಟರ್‌ನಲ್ಲಿ ನಿಲ್ಲುವವರಿಗೂ ಒಂದು ಮಾರ್ಗದರ್ಶಿ

2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ನಡೆದದ್ದು ಅನೇಕರಿಗೆ ನೆನಪಿರಬಹುದು. ಒಂದು ಸೀರೆ ಅಂಗಡಿಯಿಂದ ಸೀರೆಗಳ ಕಟ್ಟು ಹೋಯಿತು. ಮಹಿಳೆಯೊಬ್ಬರು ಅದನ್ನು ಎತ್ತಿಕೊಂಡು ಹೋದ ದೃಶ್ಯ ಕ್ಯಾಮೆರಾದಲ್ಲಿತ್ತು. ಆಕೆ ಮತ್ತೆ ಆ ಕಡೆ ಬಂದಾಗ ಅಂಗಡಿಯವರು ಹಿಡಿದು, ಬೀದಿಯಲ್ಲೇ ಎಳೆದಾಡಿ ಹೊಡೆದರು. ಆ ವಿಡಿಯೊ ಎಲ್ಲರ ಮೊಬೈಲಿಗೂ ಬಂತು. ಕಳ್ಳತನದ ಆರೋಪದಲ್ಲಿ ಆಕೆಯ ಬಂಧನವಾಯಿತು. ಹಲ್ಲೆ ಆರೋಪದಲ್ಲಿ ಮಾಲೀಕರೂ ಅವರ ಕೆಲಸದವರೂ ಬಂಧನಕ್ಕೊಳಗಾದರು.

ಕ್ಯಾಮೆರಾದ ಸಾಕ್ಷಿ ಇದ್ದ ಪ್ರಕರಣ ಅದು. ಕೈ ಎತ್ತುವ ಅಗತ್ಯವೇ ಇರಲಿಲ್ಲ. ನಮ್ಮ ಅಂಗಡಿಯವರಲ್ಲಿ ಹೆಚ್ಚಿನವರಿಗೆ ಕಳ್ಳರನ್ನು ಹಿಡಿಯುವ ಆತುರ ಇದೆ. ಕಳ್ಳತನ ಆಗದ ಹಾಗೆ ಅಂಗಡಿ ನಡೆಸುವುದು, ಆದ ಮೇಲೆ ಕೇಸು ನಿಲ್ಲುವ ಹಾಗೆ ಕಾಗದ ಇಟ್ಟುಕೊಳ್ಳುವುದು, ಇವೆರಡಕ್ಕೂ ಗಮನ ಕಡಿಮೆ. ಈ ಲೇಖನ ಆ ಎರಡು ಕೆಲಸಗಳ ಬಗ್ಗೆ. ಬಟ್ಟೆ ಅಂಗಡಿಯನ್ನೇ ಮುಖ್ಯವಾಗಿ ಇಟ್ಟುಕೊಂಡು ಬರೆದಿದ್ದೇನೆ. ಚಿನ್ನದಂಗಡಿ, ದಿನಸಿ ಅಂಗಡಿ, ಸೂಪರ್ ಮಾರ್ಕೆಟ್‌ನವರಿಗೂ ಬಹುಪಾಲು ಹೊಂದುತ್ತದೆ.

ತಂಡ ಹೇಗೆ ಕೆಲಸ ಮಾಡುತ್ತದೆ, ಮೊದಲು ಅದನ್ನು ತಿಳಿಯಿರಿ

ಒಬ್ಬರೇ ಬಂದು ಒಂದು ಚಾಕೊಲೇಟ್ ಜೇಬಿಗೆ ಹಾಕಿಕೊಳ್ಳುವುದು ಬೇರೆ. ತಂಡ ಕಟ್ಟಿಕೊಂಡು ಬರುವುದು ಬೇರೆ. ತಂಡದಲ್ಲಿ ಕೆಲಸ ಹಂಚಿಕೆ ಆಗಿರುತ್ತದೆ. ಒಬ್ಬರು ಗಿರಾಕಿಯ ಹಾಗೆ ಮಾತಾಡಿ ಸೇಲ್ಸ್‌ನವರನ್ನು ಹಿಡಿದಿಡುತ್ತಾರೆ. ಇನ್ನೊಬ್ಬರು ಅಡ್ಡ ನಿಂತು ಕಣ್ಣಿಗೆ ಮರೆ ಮಾಡುತ್ತಾರೆ. ಮತ್ತೊಬ್ಬರು ಮಾಲು ಎತ್ತುತ್ತಾರೆ. ಹೊರಗೆ ಗಾಡಿಯಲ್ಲಿ ಕಾಯುವವರು ಬೇರೆ ಇರಬಹುದು. ಮಾಲು ಎತ್ತಿದವರ ಕೈಯಲ್ಲಿ ಅದು ನಿಲ್ಲುವುದಿಲ್ಲ. ನಿಮಿಷದೊಳಗೆ ಕೈ ಬದಲಾಗಿರುತ್ತದೆ. ಹಾಗಾಗಿ ನೀವು ಅನುಮಾನಪಟ್ಟು ತಡೆದ ವ್ಯಕ್ತಿಯ ಚೀಲದಲ್ಲಿ ಏನೂ ಸಿಗದೇ ಇರುವುದು ಸಾಮಾನ್ಯ. ಆಗ ಅವಮಾನ ಆಗುವುದು ಅಂಗಡಿಯವರಿಗೇ.

ಇವರು ಬರುವ ಹೊತ್ತೂ ಲೆಕ್ಕಾಚಾರದ್ದೇ. ಆಷಾಢದ ರಿಯಾಯಿತಿ ಮಾರಾಟ, ವರಮಹಾಲಕ್ಷ್ಮಿ ಹಬ್ಬದ ಹಿಂದಿನ ವಾರ, ದಸರಾ, ದೀಪಾವಳಿ, ಮದುವೆ ಸೀಸನ್. ದಿನದೊಳಗೆ ನೋಡಿದರೆ ಮಧ್ಯಾಹ್ನ ಅರ್ಧ ಜನ ಊಟಕ್ಕೆ ಹೋಗಿರುವ ಹೊತ್ತು, ರಾತ್ರಿ ಅಂಗಡಿ ಮುಚ್ಚುವ ಮುಂಚಿನ ಗಡಿಬಿಡಿ.

ಗಮನ ಇಡಬೇಕಾದದ್ದು ನಡವಳಿಕೆಯ ಮೇಲೆ. ಒಟ್ಟಿಗೆ ಬಂದವರು ಒಳಗೆ ಬಂದೊಡನೆ ಪರಿಚಯವೇ ಇಲ್ಲದವರ ಹಾಗೆ ಚದುರುವುದು. ಬೆಲೆ, ಬಣ್ಣ ಯಾವುದನ್ನೂ ಸರಿಯಾಗಿ ಕೇಳದೆ ಇನ್ನೂ ತೋರಿಸಿ, ಇನ್ನೂ ತೋರಿಸಿ ಎನ್ನುವುದು. ಸೀರೆಗಿಂತ ಹೆಚ್ಚಾಗಿ ಸೇಲ್ಸ್‌ನವರ ಮುಖವನ್ನೂ ಕ್ಯಾಮೆರಾವನ್ನೂ ನೋಡುವುದು. ಇವೇ ಗುರುತುಗಳು. ಉಟ್ಟ ಬಟ್ಟೆ, ಆಡುವ ಭಾಷೆ, ಜಾತಿ, ಬಂದ ಊರು ಯಾವುದೂ ಗುರುತಲ್ಲ. ಇಡೀ ಸಮುದಾಯಗಳನ್ನೇ ಹುಟ್ಟಿನಿಂದ ಅಪರಾಧಿಗಳು ಎಂದು ಬರೆದಿಟ್ಟ ಬ್ರಿಟಿಷರ ಕಾಲದ ಕಾಯ್ದೆಯೊಂದು 1871ರಲ್ಲಿ ಬಂದು, 1952ರಲ್ಲಿ ರದ್ದಾಯಿತು. ಕಾಯ್ದೆ ಹೋದರೂ ಆ ಕಣ್ಣು ಇನ್ನೂ ನಮ್ಮ ಮಾರುಕಟ್ಟೆಗಳಲ್ಲಿ ಇದೆ, ಮತ್ತು ಅದು ಅನ್ಯಾಯ. ವ್ಯಾಪಾರಕ್ಕೂ ಅದರಿಂದ ನಷ್ಟವೇ. ಹಳೆ ಸೀರೆ ಉಟ್ಟು ಬಂದ ಅಮ್ಮನ ಹಿಂದೆ ಹುಡುಗರನ್ನು ಕಳಿಸಿ, ಚೆನ್ನಾಗಿ ಡ್ರೆಸ್ ಮಾಡಿಕೊಂಡು ಬಂದ ತಂಡಕ್ಕೆ ಕುರ್ಚಿ ಹಾಕಿ ಕೂರಿಸಿದರೆ ಲಾಭ ಯಾರಿಗೆ?

ಎಣಿಕೆ ಇಲ್ಲದಿದ್ದರೆ ಮುಂದಿನದ್ದು ಯಾವುದೂ ನಡೆಯುವುದಿಲ್ಲ

ಎಷ್ಟೋ ಅಂಗಡಿಗಳಿಗೆ ಮಾಲು ಹೋದದ್ದು ಗೊತ್ತಾಗುವುದೇ ತಿಂಗಳ ಮೇಲೆ. ಅಷ್ಟರಲ್ಲಿ ಕ್ಯಾಮೆರಾದ ಹಳೆ ದೃಶ್ಯ ಅಳಿಸಿಹೋಗಿರುತ್ತದೆ. ಯಾವ ದಿನ ಹೋಯಿತೆಂದೂ ಹೇಳಲು ಬರುವುದಿಲ್ಲ. ಪೊಲೀಸರಿಗೆ ಏನೆಂದು ದೂರು ಕೊಡುತ್ತೀರಿ?

ಇಡೀ ಅಂಗಡಿಯನ್ನು ದಿನಾ ಎಣಿಸಲು ಆಗುವುದಿಲ್ಲ, ನಿಜ. ಆದರೆ ಹೆಚ್ಚು ಬೆಲೆಯ ಕಪಾಟುಗಳನ್ನು ಎಣಿಸಬಹುದು. ರೇಷ್ಮೆ ಸೀರೆಯ ಒಂದೊಂದು ಖಾನೆಯಲ್ಲಿ ಇಷ್ಟೇ ಸೀರೆ ಎಂದು ನಿಗದಿ ಮಾಡಿ. ಖಾನೆಯ ಅಂಚಿನಲ್ಲಿ ಆ ಸಂಖ್ಯೆ ಬರೆದು ಅಂಟಿಸಿ. ಬೆಳಗ್ಗೆ ತೆರೆದಾಗ ಒಮ್ಮೆ, ಮಧ್ಯಾಹ್ನ ಊಟಕ್ಕೆ ಹೋಗುವವರು ಕೌಂಟರ್ ಬಿಟ್ಟುಕೊಡುವಾಗ ಒಮ್ಮೆ, ಮುಚ್ಚುವಾಗ ಒಮ್ಮೆ ಎಣಿಸಿ ಪುಸ್ತಕದಲ್ಲಿ ಬರೆಯಲಿ. ಚಿನ್ನದಂಗಡಿಯಲ್ಲಿ ಟ್ರೇಯ ಪ್ರತಿ ಗುಳಿಯೂ ತುಂಬಿರಬೇಕು ಎನ್ನುವುದು ಹಳೆಯ ನಿಯಮ. ಖಾಲಿ ಗುಳಿ ಕಣ್ಣಿಗೆ ಹೊಡೆಯುತ್ತದೆ. ಅದೇ ಉಪಾಯವನ್ನು ಬಟ್ಟೆಯವರೂ ಬಳಸಬಹುದು.

ಎಣಿಕೆಯ ಜೊತೆಗೆ ಗುರುತಿನ ಸಂಖ್ಯೆ. ಮುಂದೆ ಪೊಲೀಸರು ಎಲ್ಲೋ ಒಂದು ರಾಶಿ ಸೀರೆ ವಶಪಡಿಸಿಕೊಂಡಾಗ, ಇದು ನಮ್ಮದೇ ಎಂದು ತೋರಿಸುವುದು ಹೇಗೆ? ಕೆಂಪು ಬಣ್ಣ, ಹಸಿರು ಅಂಚು ಎಂದರೆ ಸಾಲದು. ಅಂಥವು ಮಾರುಕಟ್ಟೆ ತುಂಬ ಇವೆ. ಸರ್ಕಾರಿ ಮೈಸೂರು ಸಿಲ್ಕ್ ಸೀರೆಗಳಿಗೆ ಒಂದೊಂದಕ್ಕೂ ಪ್ರತ್ಯೇಕ ಸಂಖ್ಯೆ ಇರುತ್ತದೆ. ಶುದ್ಧ ರೇಷ್ಮೆ ಎಂದು ತೋರಿಸುವ ಸಿಲ್ಕ್ ಮಾರ್ಕ್ ಲೇಬಲ್‌ಗೂ ತನ್ನದೇ ಸಂಖ್ಯೆ ಇದೆ. ಚಿನ್ನದ ಒಡವೆಗೆ ಹಾಲ್‌ಮಾರ್ಕ್‌ನ 6 ಅಕ್ಷರ-ಅಂಕಿಗಳ ಎಚ್‌ಯುಐಡಿ ಇರುತ್ತದೆ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಯನ್ನು ಅದಿಲ್ಲದೆ ಮಾರುವಂತಿಲ್ಲ. ಈ ಸಂಖ್ಯೆಗಳನ್ನು ಸ್ಟಾಕ್ ಪುಸ್ತಕದಲ್ಲೋ ಕಂಪ್ಯೂಟರ್‌ನಲ್ಲೋ ಖರೀದಿ ಬಿಲ್ಲಿನ ಜೊತೆ ಸೇರಿಸಿಡಿ. ಬೇರೆ ಸೀರೆಗಳಾದರೆ ನಿಮ್ಮದೇ ಬಾರ್‌ಕೋಡ್ ಜೊತೆಗೆ, ಮಡಿಕೆಯ ಒಳಗೆ ಕಾಣದ ಕಡೆ ಒಂದು ಸಣ್ಣ ಗುರುತು ಹೊಲಿಸಿ. ಟ್ಯಾಗ್ ಕಿತ್ತು ಹಾಕಿದರೂ ಅದು ಉಳಿಯುತ್ತದೆ.

ಇಲ್ಲೊಂದು ಎಚ್ಚರ. ಲೆಕ್ಕದಲ್ಲಿ ಕೊರತೆ ಬಂದ ಮಾತ್ರಕ್ಕೆ ಕಳ್ಳರ ತಂಡ ಎಂದು ತೀರ್ಮಾನಿಸಬೇಡಿ. ಅಮೆರಿಕದ ಚಿಲ್ಲರೆ ವ್ಯಾಪಾರಿಗಳ ಒಕ್ಕೂಟ 2022ರ ಲೆಕ್ಕ ಕೊಟ್ಟಾಗ, ಒಟ್ಟು ಕೊರತೆಯಲ್ಲಿ ಹೊರಗಿನವರ ಕಳ್ಳತನದ ಪಾಲು ಶೇ 36, ಒಳಗಿನವರದು ಶೇ 29, ಲೆಕ್ಕದ ತಪ್ಪು ಮತ್ತು ವ್ಯವಸ್ಥೆಯ ಲೋಪದ್ದು ಶೇ 27 ಇತ್ತು. ಅದೇ ಒಕ್ಕೂಟ ಅದಕ್ಕೂ ಮುಂಚಿನ ನಷ್ಟದಲ್ಲಿ ಸುಮಾರು ಅರ್ಧ ತಂಡಗಳ ಕೈವಾಡ ಎಂದು ಹೇಳಿ, 2023ರ ಡಿಸೆಂಬರ್‌ನಲ್ಲಿ ಆ ಮಾತನ್ನು ವಾಪಸ್ ಪಡೆಯಬೇಕಾಯಿತು. ಅಷ್ಟು ದೊಡ್ಡ ಸಂಸ್ಥೆಗೇ ಹೀಗಾಗುತ್ತದೆ ಎಂದ ಮೇಲೆ ನಾವೂ ಮೊದಲು ಬಿಲ್ಲು, ವಾಪಸಾತಿ ಚೀಟಿ, ಬೇರೆ ಶಾಖೆಗೆ ಕಳಿಸಿದ ಮಾಲು ಎಲ್ಲವನ್ನೂ ತಾಳೆ ನೋಡುವುದು ಒಳ್ಳೆಯದು.

ಕೌಂಟರ್‌ನಲ್ಲಿ ಪಾಲಿಸಬೇಕಾದ್ದು

ಬಾಗಿಲಲ್ಲಿ ಬಂದವರನ್ನು ನೋಡಿ, ಬನ್ನಿ ಅಮ್ಮ, ಏನು ನೋಡ್ತೀರಿ ಎಂದು ಕೇಳುವ ಒಬ್ಬರು ಇರಲಿ. ಇದು ವ್ಯಾಪಾರದ ಮರ್ಯಾದೆ. ಕಳ್ಳತನ ತಡೆಯುವ ಅತ್ಯಂತ ಅಗ್ಗದ ದಾರಿಯೂ ಹೌದು. ನಿಜವಾದ ಗಿರಾಕಿಗೆ ಖುಷಿಯಾಗುತ್ತದೆ. ಕದಿಯಲು ಬಂದವರಿಗೆ ತಮ್ಮ ಮುಖ ಯಾರೋ ನೋಡಿದರು ಎಂದು ಗೊತ್ತಾಗುತ್ತದೆ.

ಸೀರೆ ತೋರಿಸುವಾಗ ಒಂದೇ ನಿಯಮ: ಹೊಸದು ಬಿಚ್ಚುವ ಮುಂಚೆ ಬೇಡವಾದದ್ದನ್ನು ಮಡಿಸಿ ಹಿಂದಕ್ಕೆ ಕೊಡಬೇಕು. ಒಬ್ಬ ಗಿರಾಕಿಯ ಮುಂದೆ ಐದಾರಕ್ಕಿಂತ ಜಾಸ್ತಿ ಸೀರೆ ಇರಬಾರದು. ಮದುವೆ ಸೀರೆ ತೆಗೆಯಲು ಹತ್ತು ಜನ ಬಂದಿದ್ದರೆ ಇದು ಕಷ್ಟ. ಆಗ ತೋರಿಸುವವರೊಬ್ಬರು, ಮಡಿಸುವವರೊಬ್ಬರು ಎಂದು ಇಬ್ಬರನ್ನು ಹಾಕಿ. ಮಡಿಸುವವರ ಕೆಲಸವೇ ಎಣಿಕೆ. ತೋರಿಸುವವರು ಮಾತಿನಲ್ಲಿ ಮುಳುಗಿರುತ್ತಾರೆ, ಅವರಿಂದ ಎರಡೂ ಆಗುವುದಿಲ್ಲ. ನೀರು ಕೊಡಿ, ಇನ್ನೊಂದು ಸೈಜ್ ಮೇಲಿನಿಂದ ತನ್ನಿ ಎಂದಾಗ ಬಿಚ್ಚಿದ ಮಾಲನ್ನು ಬಿಟ್ಟು ಯಾರೂ ಎದ್ದು ಹೋಗಬಾರದು. ಬೇರೆಯವರನ್ನು ಕರೆದು ಹೇಳಬೇಕು.

ಹೊಸ ಮಾಲಿನ ಕಟ್ಟುಗಳನ್ನು ಬಾಗಿಲ ಹತ್ತಿರ ಇಳಿಸಿ ಬಿಡುವುದು ನಮ್ಮಲ್ಲಿ ದೊಡ್ಡ ಚಟ. ಪೇಟೆ ಬೀದಿಗಳಲ್ಲಿ ಜಾಗ ಇಲ್ಲ, ಒಪ್ಪುತ್ತೇನೆ. ಆದರೂ ಬಂದ ಕಟ್ಟನ್ನು ಒಳಗೆ ಸೇರಿಸುವವರೆಗೆ ಒಬ್ಬರು ಅದರ ಪಕ್ಕ ನಿಲ್ಲಲಿ. ಬಿಡಿ ಸೀರೆಗಿಂತ ಕಟ್ಟು ಹೋದರೆ ನೋವು ದೊಡ್ಡದು.

ಟ್ರಯಲ್ ರೂಂಗೆ ಎಷ್ಟು ಬಟ್ಟೆ ಒಳಗೆ ಹೋಯಿತೋ ಅಷ್ಟರ ಟೋಕನ್ ಕೊಡಿ. ಒಳಗೆ ಕ್ಯಾಮೆರಾ ಮಾತ್ರ ಯಾವ ಕಾರಣಕ್ಕೂ ಬೇಡ. ಅದು ಗಂಭೀರ ಅಪರಾಧ.

ಸೂಪರ್ ಮಾರ್ಕೆಟ್‌ನವರು ತುಪ್ಪ, ಡ್ರೈ ಫ್ರೂಟ್ಸ್, ಮಗುವಿನ ಹಾಲಿನ ಪುಡಿ, ಬ್ಲೇಡು, ಮೇಕಪ್ ಸಾಮಾನುಗಳನ್ನು ಬಿಲ್ಲಿಂಗ್ ಕೌಂಟರ್‌ನಿಂದ ಕಾಣುವ ಕಡೆ ಇಡಿ. ಚಿಕ್ಕದು, ಬೆಲೆ ಜಾಸ್ತಿ, ಬೇರೆ ಕಡೆ ಸುಲಭವಾಗಿ ಮಾರಾಟವಾಗುತ್ತದೆ: ಇಂಥ ವಸ್ತುಗಳೇ ಮೊದಲು ಹೋಗುವುದು. ಎಲ್ಲಕ್ಕೂ ಗಾಜಿನ ಬಾಗಿಲು ಹಾಕಿ ಬೀಗ ಜಡಿಯುವುದು ಪರಿಹಾರವಲ್ಲ. ಅಮೆರಿಕದ ವಾಲ್‌ಗ್ರೀನ್ಸ್ ಔಷಧಿ ಮಳಿಗೆಗಳು ಹಾಗೆ ಮಾಡಿ ನೋಡಿದವು. ಬೀಗ ಹಾಕಿದ ಸಾಮಾನು ಮಾರಾಟವೂ ಕಡಿಮೆಯಾಗುತ್ತದೆ ಎಂದು 2025ರ ಜನವರಿಯಲ್ಲಿ ಅದರ ಮುಖ್ಯಸ್ಥರೇ ಒಪ್ಪಿಕೊಂಡರು.

ಇನ್ನು ಕೆಲಸದವರ ಬಗ್ಗೆ. ಮಾಲು ಹೋದರೆ ಅವತ್ತು ಆ ಕೌಂಟರ್‌ನಲ್ಲಿದ್ದವರ ಸಂಬಳದಲ್ಲಿ ಹಿಡಿಯುವುದು ಅನೇಕ ಕಡೆ ರೂಢಿ. ದಯವಿಟ್ಟು ಇದನ್ನು ಬಿಡಿ. ವಿವರಣೆ ಕೇಳದೆ ಹಾಗೆ ಕಡಿತ ಮಾಡಲು ಕಾನೂನಿನಲ್ಲೂ ಅವಕಾಶವಿಲ್ಲ. ಅದಕ್ಕಿಂತ ಮುಖ್ಯವಾಗಿ, ತಿಂಗಳ ಸಂಬಳದಲ್ಲಿ ಮನೆ ನಡೆಸುವ ಹುಡುಗಿಗೆ ಒಂದು ರೇಷ್ಮೆ ಸೀರೆಯ ಬೆಲೆ ಕಟ್ಟಲು ಎಲ್ಲಿಂದ ಬರಬೇಕು? ಅವಳು ಕೊರತೆಯನ್ನು ಮುಚ್ಚಿಡುತ್ತಾಳೆ. ನಿಮಗೆ ಸುದ್ದಿ ತಡವಾಗಿ ಸಿಗುತ್ತದೆ. ಸೀರೆ ಕಾಣ್ತಿಲ್ಲ ಅಣ್ಣ ಎಂದು ಹತ್ತು ನಿಮಿಷದೊಳಗೆ ಬಂದು ಹೇಳಿದವರಿಗೆ ಬೈಗುಳ ಸಿಗುವುದಿಲ್ಲ ಎಂಬ ನಂಬಿಕೆ ಬಂದರೆ, ಅದಕ್ಕಿಂತ ಒಳ್ಳೆ ಅಲಾರಂ ಇಲ್ಲ.

ಕ್ಯಾಮೆರಾ ಮತ್ತು ಟ್ಯಾಗ್

ಕ್ಯಾಮೆರಾ ಎಷ್ಟಿದೆ ಎನ್ನುವುದಕ್ಕಿಂತ ಎಲ್ಲಿದೆ ಎನ್ನುವುದು ಮುಖ್ಯ. ಮೇಲಿನಿಂದ ಬರೀ ತಲೆ ಕಾಣುವ ಹತ್ತು ಕ್ಯಾಮೆರಾಗಳಿಂದ ಉಪಯೋಗವಿಲ್ಲ. ಬಾಗಿಲಲ್ಲಿ ಒಂದು, ಮುಖದ ಎತ್ತರಕ್ಕೆ ಹತ್ತಿರದಲ್ಲಿ, ಹೊರಗಿನ ಬೆಳಕು ಎದುರಿಗೆ ಹೊಡೆಯದಂತೆ ಇರಲಿ. ಇನ್ನೊಂದು ಬೆಲೆಬಾಳುವ ಕೌಂಟರ್‌ನ ಮೇಲೆ, ಕೈಗಳು ಕಾಣುವಂತೆ. ಗಾಡಿ ನಿಲ್ಲಿಸುವ ಕಡೆಗೆ ಒಂದಿದ್ದರೆ ನಂಬರ್ ಪ್ಲೇಟ್ ಸಿಗಬಹುದು.

ರೆಕಾರ್ಡರ್‌ನ ಗಡಿಯಾರ ಸರಿಯಿದೆಯೇ, ಈಗಲೇ ನೋಡಿ. ಬಿಲ್ಲಿನ ಸಮಯಕ್ಕೂ ದೃಶ್ಯದ ಸಮಯಕ್ಕೂ ಅರ್ಧ ಗಂಟೆ ವ್ಯತ್ಯಾಸ ಇದ್ದರೆ ಕೋರ್ಟಿನಲ್ಲಿ ಎದುರು ವಕೀಲರು ಮೊದಲು ಹಿಡಿಯುವುದೇ ಅದನ್ನು. ಕನಿಷ್ಠ 30 ದಿನದ ದೃಶ್ಯ ಉಳಿಯುವಷ್ಟು ಹಾರ್ಡ್ ಡಿಸ್ಕ್ ಹಾಕಿಸಿ. ಹೆಚ್ಚು ಜನ ಸೇರುವ ಜಾಗಗಳಿಗೆ ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಕೇಳುವುದೂ ಅಷ್ಟನ್ನೇ.

ಬಾಗಿಲಲ್ಲಿ ಕೂಗುವ ಗಟ್ಟಿ ಟ್ಯಾಗ್‌ಗಳು ರೆಡಿಮೇಡ್ ಬಟ್ಟೆಗೆ ಚೆನ್ನಾಗಿ ಹೊಂದುತ್ತವೆ. ರೇಷ್ಮೆಗೆ ಪಿನ್ ಚುಚ್ಚಿದರೆ ತೂತು ಬೀಳುತ್ತದೆ, ದಾರದಿಂದ ಕಟ್ಟುವ ಬಗೆಯದ್ದನ್ನು ಕೇಳಿ. ಟ್ಯಾಗ್ ಬಿಚ್ಚುವ ಸಾಧನ ಬಿಲ್ಲಿಂಗ್ ಮೇಜಿಗೆ ಕಟ್ಟಿರಲಿ, ಲೆಕ್ಕದಲ್ಲಿರಲಿ. ಮತ್ತು ಅಲಾರಂ ಕೂಗಿದಾಗ ಗಿರಾಕಿಯನ್ನು ಕಳ್ಳರಂತೆ ನೋಡಬೇಡಿ. ಹೆಚ್ಚಿನ ಸಲ ನಮ್ಮವರೇ ಟ್ಯಾಗ್ ತೆಗೆಯಲು ಮರೆತಿರುತ್ತಾರೆ.

ಅನುಮಾನ ಬಂದ ಕ್ಷಣ

ಕೂಗಬೇಡಿ. ಮೊದಲೇ ಒಪ್ಪಿಕೊಂಡ ಒಂದು ಮಾತು ಇರಲಿ. ‘ಮೇಲಿನ ಬೀರುವಿನ ಬೀಗ ತನ್ನಿ’ ಎನ್ನುವಂಥ ಮಾಮೂಲಿ ವಾಕ್ಯ ಸಾಕು. ಅದು ಕಿವಿಗೆ ಬಿದ್ದ ಕೂಡಲೇ ಒಬ್ಬರು ಬಾಗಿಲ ಹತ್ತಿರ ಹೋಗುತ್ತಾರೆ, ಒಬ್ಬರು ಆ ಕೌಂಟರ್‌ಗೆ ಬರುತ್ತಾರೆ, ಒಬ್ಬರು ಕ್ಯಾಮೆರಾ ಪರದೆ ನೋಡುತ್ತಾರೆ. ಗಿರಾಕಿಯ ಹತ್ತಿರ ಹೋಗಿ, ನಾನೇ ಮಡಿಸಿ ಇಡ್ತೀನಿ ಕೊಡಿ, ಯಾವುದು ಬಿಲ್ ಮಾಡಲಿ ಎಂದು ಕೇಳಿ. ಇಷ್ಟಕ್ಕೇ ಎಷ್ಟೋ ಸಲ ಮಾಲು ಮತ್ತೆ ರಾಶಿಯೊಳಗೆ ಬಂದು ಬೀಳುತ್ತದೆ. ಬಂದರೆ ಅಲ್ಲಿಗೆ ಬಿಡಿ. ಮಾಲು ಉಳಿಯಿತು, ಯಾರಿಗೂ ಪೆಟ್ಟಾಗಲಿಲ್ಲ.

ಕಣ್ಣೆದುರೇ ಸಿಕ್ಕಿಬಿದ್ದರೆ

ಇಲ್ಲಿ ನಿಧಾನವಾಗಿ ಓದಿ, ಏಕೆಂದರೆ ಅಂಗಡಿಯವರು ಕಾನೂನಿನ ತಪ್ಪು ಬದಿಗೆ ಹೋಗುವುದು ಇಲ್ಲೇ.

ಖಾಸಗಿ ವ್ಯಕ್ತಿಗೂ ಬಂಧಿಸುವ ಅಧಿಕಾರ ಇದೆ, ಆದರೆ ಅದು ಚಿಕ್ಕದು. ಬಂಧನ, ತನಿಖೆ, ವಿಚಾರಣೆಯ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂ ಪ್ರಕಾರ ಅಪರಾಧ ನಿಮ್ಮ ಕಣ್ಣೆದುರು ನಡೆದಿರಬೇಕು. ಅದು ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ, ಜಾಮೀನು ಹಕ್ಕಾಗಿ ಸಿಗದ ಅಪರಾಧವಾಗಿರಬೇಕು. ಹಿಡಿದವರನ್ನು ತಡಮಾಡದೆ, ಹೆಚ್ಚೆಂದರೆ 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. 5,000 ರೂಪಾಯಿಗಿಂತ ಕಡಿಮೆ ಮೌಲ್ಯದ ಸಾದಾ ಕಳ್ಳತನ ಈ ಪಟ್ಟಿಗೆ ಸೇರುವುದಿಲ್ಲ. ಕೌಂಟರ್‌ನಲ್ಲಿ ನಿಂತವರು ಆ ಕ್ಷಣದಲ್ಲಿ ಇದನ್ನೆಲ್ಲ ತೂಗಿ ನೋಡಲು ಆಗುವುದಿಲ್ಲ. ಹಾಗಾಗಿ ಸುಲಭದ ದಾರಿ ಎಂದರೆ ತಕ್ಷಣ 112ಕ್ಕೆ ಕರೆ ಮಾಡುವುದು. ಪೊಲೀಸರು ಬರುತ್ತಿದ್ದಾರೆ, ಕೂತುಕೊಳ್ಳಿ ಎಂದು ಎಲ್ಲರಿಗೂ ಕಾಣುವ ಜಾಗದಲ್ಲಿ ಕೂರಿಸುವುದು. ಕುಡಿಯಲು ನೀರು ಕೊಡಿ. ಮಹಿಳೆಯಾದರೆ ಪಕ್ಕದಲ್ಲಿ ನಿಮ್ಮ ಮಹಿಳಾ ಸಿಬ್ಬಂದಿಯೇ ಇರಲಿ. ಹೊರಗೆ ಓಡಿದರೆ ಓಡಲಿ. ಗಾಡಿ ನಂಬರ್, ಹೋದ ದಿಕ್ಕು, ಬಟ್ಟೆಯ ಬಣ್ಣ ಬರೆದುಕೊಳ್ಳಿ. ಟ್ರಾಫಿಕ್ ನಡುವೆ ಅಟ್ಟಿಸಿಕೊಂಡು ಹೋಗಿ ನಿಮ್ಮ ಹುಡುಗನ ಕಾಲು ಮುರಿದರೆ ಯಾವ ಸೀರೆಯೂ ಅದಕ್ಕೆ ಸಮನಲ್ಲ.

ಮಾಡಬಾರದ್ದು ಇಷ್ಟು: ಗೋದಾಮಿನಲ್ಲಿ ಕೂಡಿ ಹಾಕುವುದು, ಹೊಡೆಯುವುದು, ಚೀಲ ಅಥವಾ ಮೈ ತಡಕುವುದು, ತಪ್ಪೊಪ್ಪಿಗೆ ಬರೆಸಿಕೊಳ್ಳುವುದು, ವಿಡಿಯೊ ಮಾಡಿ ಹರಿಬಿಡುವುದು. ಹತ್ತು ಪಟ್ಟು ಹಣ ಕೊಟ್ಟರೆ ಬಿಡುತ್ತೇವೆ ಎಂದು ವಸೂಲಿ ಮಾಡುವುದು. ಅಕ್ರಮ ಬಂಧನ, ಹಲ್ಲೆ, ಮಾನಭಂಗ, ಸುಲಿಗೆ ಎಂದು ಒಂದೊಂದಕ್ಕೂ ಬೇರೆ ಕೇಸಾಗುತ್ತದೆ. ಮಹಿಳೆಯನ್ನು ಮಹಿಳೆಯೇ ತಪಾಸಣೆ ಮಾಡಬೇಕು, ಅದೂ ಪೊಲೀಸರ ಕೆಲಸ. ತಂಡದ ಜೊತೆ ಮಕ್ಕಳಿದ್ದರೆ ಇನ್ನೂ ಎಚ್ಚರ. ಅಪರಾಧದ ಆರೋಪ ಎದುರಿಸುವ ಮಗುವಿನ ಮುಖ, ಹೆಸರು ಬಯಲು ಮಾಡುವುದು ಬಾಲನ್ಯಾಯ ಕಾಯ್ದೆಯ 74ನೇ ಕಲಂ ಅಡಿ ಅಪರಾಧ. ವ್ಯಾಪಾರಿಗಳ ವಾಟ್ಸ್ಆ್ಯಪ್ ಗುಂಪಿಗೆ ಫೋಟೊ ಹಾಕುವ ಮುಂಚೆ ಠಾಣೆಯವರನ್ನು ಕೇಳಿ. ‘ಇಂಥ ರೀತಿ ಮಾಡುವ ತಂಡ ಈ ಬೀದಿಯಲ್ಲಿದೆ, ಎಚ್ಚರ’ ಎಂಬ ಸಂದೇಶಕ್ಕೆ ಯಾರ ಮುಖವೂ ಬೇಕಿಲ್ಲ.

ದೂರು ಬರೆಯುವುದು ಹೇಗೆ

2024ರ ಜುಲೈ 1ರಿಂದ ಹಳೆ ಐಪಿಸಿ ಬದಲಿಗೆ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಅದರ 303ನೇ ಕಲಂ ಸಾದಾ ಕಳ್ಳತನದ್ದು. ಮೌಲ್ಯ 5,000 ರೂಪಾಯಿಗಿಂತ ಕಡಿಮೆ ಇದ್ದು, ಮೊದಲ ಸಲ ತಪ್ಪು ಸಾಬೀತಾಗಿ, ಮಾಲು ಅಥವಾ ಅದರ ಬೆಲೆ ವಾಪಸ್ ಕೊಟ್ಟರೆ ಸಮುದಾಯ ಸೇವೆಯ ಶಿಕ್ಷೆ. ಹೊಟ್ಟೆಪಾಡಿಗೆ ಒಂದು ಸಲ ಎಡವಿದವರಿಗೆ ಇದು ಸರಿಯಾದ ದಾರಿ ಎಂದೇ ನನ್ನ ಅನಿಸಿಕೆ. ಸರಕು ಇಡುವ ಕಟ್ಟಡದೊಳಗಿನ ಕಳ್ಳತನಕ್ಕೆ 305ನೇ ಕಲಂ ಇದೆ, 7 ವರ್ಷದವರೆಗೆ ಶಿಕ್ಷೆ.

ತಂಡದ ವಿಷಯದಲ್ಲಿ ನೆನಪಿಡಬೇಕಾದದ್ದು 112ನೇ ಕಲಂ. ತುರ್ತು ಕರೆಯ ಸಂಖ್ಯೆಯೂ ಅದೇ ಆದ್ದರಿಂದ ಮರೆಯುವುದಿಲ್ಲ. ಗುಂಪಿನ ಸದಸ್ಯರಾಗಿ ಕಳ್ಳತನ ಮಾಡುವುದನ್ನು ಇದು ಸಣ್ಣ ಸಂಘಟಿತ ಅಪರಾಧ ಎನ್ನುತ್ತದೆ. ಅಂಗಡಿ ಕಳವನ್ನು ಹೆಸರು ಹಿಡಿದೇ ಸೇರಿಸಿದೆ. ಕನಿಷ್ಠ 1 ವರ್ಷ, ಗರಿಷ್ಠ 7 ವರ್ಷ ಜೈಲು, ಜೊತೆಗೆ ದಂಡ. ಯಾವ ಕಲಂ ಹಾಕಬೇಕೆಂದು ತೀರ್ಮಾನಿಸುವುದು ಪೊಲೀಸರು. ಆದರೆ ಗುಂಪಾಗಿ ಬಂದರು, ಯಾರು ಏನು ಮಾಡಿದರು, ಹೊರಗೆ ಯಾರು ಕಾಯುತ್ತಿದ್ದರು ಎಂದು ನಿಮ್ಮ ದೂರಿನಲ್ಲಿ ಬರೆದಿದ್ದರೆ ಮಾತ್ರ ಅವರಿಗೆ ಅದು ಕಾಣುತ್ತದೆ. ‘ಯಾರೋ ಸೀರೆ ಕದ್ದಿದ್ದಾರೆ’ ಎಂಬ ಒಂದು ಸಾಲಿನ ದೂರು ಪ್ರಕರಣವನ್ನು ಅಲ್ಲೇ ಕುಗ್ಗಿಸಿಬಿಡುತ್ತದೆ.

ದೂರಿಗೆ ಹೋದ ಮಾಲಿನ ಪಟ್ಟಿ, ಗುರುತಿನ ಸಂಖ್ಯೆ, ಖರೀದಿ ಬಿಲ್ಲಿನ ಪ್ರತಿ, ಅವತ್ತಿನ ಎಣಿಕೆ ಪುಸ್ತಕದ ಪುಟದ ಪ್ರತಿ ಸೇರಿಸಿ. ಬೆಲೆ ಏರಿಸಿ ಬರೆಯಬೇಡಿ. ಬಿಲ್ಲಿನಲ್ಲಿರುವುದನ್ನೇ ಬರೆಯಿರಿ. ದೂರನ್ನು ಮಿಂಚಂಚೆಯಂಥ ಎಲೆಕ್ಟ್ರಾನಿಕ್ ದಾರಿಯಲ್ಲೂ ಕಳಿಸಬಹುದು, 3 ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತವಾಗಿ ಸಿಗಬೇಕು, ಕೇಳಿ ಪಡೆಯಿರಿ. ಠಾಣೆಯಲ್ಲಿ ದಾಖಲಿಸಲು ಒಪ್ಪದಿದ್ದರೆ ಅದೇ ದೂರನ್ನು ಎಸ್‌ಪಿಗೆ ಅಂಚೆಯಲ್ಲಿ ಕಳಿಸಬಹುದು. ಅದೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಇದ್ದಾರೆ.

ದೃಶ್ಯ ಕೊಡುವಾಗ ಮೊಬೈಲ್‌ನಲ್ಲಿ ಪರದೆಯ ವಿಡಿಯೊ ತೆಗೆದು ಕಳಿಸಿದರೆ ಸಾಲದು. ರೆಕಾರ್ಡರ್‌ನಿಂದ ನೇರವಾಗಿ ಪ್ರತಿ ತೆಗೆಯಿರಿ. ಬಾಗಿಲು, ಕೌಂಟರ್, ಹೊರಗಿನ ಕ್ಯಾಮೆರಾ ಮೂರರದ್ದೂ, ಘಟನೆಗೆ ಅರ್ಧ ಗಂಟೆ ಮುಂಚಿನಿಂದ ಅರ್ಧ ಗಂಟೆ ನಂತರದವರೆಗೆ. ಮೂಲ ದೃಶ್ಯ ಅಳಿಯದಂತೆ ಡಿಸ್ಕನ್ನು ಜೋಪಾನ ಮಾಡಿ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಒಂದು ಪ್ರಮಾಣಪತ್ರವೂ ಬೇಕು. ಅದರ ಒಂದು ಭಾಗಕ್ಕೆ ಸಾಧನದ ಉಸ್ತುವಾರಿ ಇರುವವರು, ಇನ್ನೊಂದಕ್ಕೆ ತಜ್ಞರು ಸಹಿ ಹಾಕುತ್ತಾರೆ. ಕಡತ ಬದಲಾಗಿಲ್ಲ ಎಂದು ತೋರಿಸುವ ಹ್ಯಾಶ್ ಸಂಖ್ಯೆಯೂ ಅದರಲ್ಲಿರಬೇಕು. ಕ್ಯಾಮೆರಾ ಹಾಕಿದ ಹುಡುಗನನ್ನೂ ತನಿಖಾಧಿಕಾರಿಯನ್ನೂ ಒಟ್ಟಿಗೆ ಮಾತಾಡಿಸಿ ಇದನ್ನು ಮೊದಲ ವಾರದಲ್ಲೇ ಮುಗಿಸಿ.

ಆಮೇಲಿನ ಕೆಲಸ

ಕದ್ದ ಮಾಲು ಎಲ್ಲೋ ಮಾರಾಟ ಆಗಲೇಬೇಕು. ಬಿಲ್ಲಿಲ್ಲದ ರೇಷ್ಮೆ ಸೀರೆಯನ್ನು ಅರ್ಧ ಬೆಲೆಗೆ ಕೊಡುತ್ತೇನೆಂದು ಯಾರಾದರೂ ಬಂದರೆ ಕೊಳ್ಳಬೇಡಿ. ಕದ್ದದ್ದೆಂದು ತಿಳಿದು ಪಡೆಯುವುದಕ್ಕೆ ನ್ಯಾಯ ಸಂಹಿತೆಯ 317ನೇ ಕಲಂ ಅಡಿ 3 ವರ್ಷದವರೆಗೆ ಶಿಕ್ಷೆ ಇದೆ. ಅದನ್ನೇ ವ್ಯಾಪಾರ ಮಾಡಿಕೊಂಡವರಿಗೆ ಜೀವಾವಧಿಯವರೆಗೂ ಹೋಗಬಹುದು. ಕೊಳ್ಳುವವರು ಇಲ್ಲದಿದ್ದರೆ ತಂಡವೂ ಇರುವುದಿಲ್ಲ.

ವಿಮೆಯ ಕಾಗದ ತೆಗೆದು ಓದಿ. ಅಂಗಡಿ ವಿಮೆಯಲ್ಲಿ ಕಳ್ಳತನ ಎಂದರೆ ಸಾಮಾನ್ಯವಾಗಿ ಬೀಗ ಅಥವಾ ಗೋಡೆ ಒಡೆದು ನುಗ್ಗಿದ್ದು. ಹಗಲು ಹೊತ್ತು ಗಿರಾಕಿಯಂತೆ ಬಂದು ಎತ್ತಿಕೊಂಡು ಹೋದದ್ದಕ್ಕೆ ಹೆಚ್ಚಿನ ಪಾಲಿಸಿಗಳು ಹಣ ಕೊಡುವುದಿಲ್ಲ. ಜಿಎಸ್‌ಟಿ ಲೆಕ್ಕವೂ ಇದೆ. ಕಳವಾದ ಸರಕಿನ ಮೇಲೆ ಪಡೆದ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ಟನ್ನು, ಅಂದರೆ ಖರೀದಿಯಲ್ಲಿ ಕಟ್ಟಿ ಮಾರಾಟದ ತೆರಿಗೆಯಲ್ಲಿ ಕಳೆದುಕೊಂಡ ತೆರಿಗೆಯನ್ನು, ವಾಪಸ್ ಮಾಡಬೇಕು, ಕಾಯ್ದೆಯ 17(5)ನೇ ಕಲಂ ಹಾಗೆ ಹೇಳುತ್ತದೆ. ಎಫ್‌ಐಆರ್ ಪ್ರತಿಯನ್ನು ನಿಮ್ಮ ಆಡಿಟರ್‌ಗೆ ಕೊಟ್ಟುಬಿಡಿ.

ಮಾಲು ಸಿಕ್ಕರೆ ಕೇಸು ಮುಗಿಯುವವರೆಗೆ ಅದು ಠಾಣೆಯಲ್ಲೇ ಕೊಳೆಯಬೇಕಿಲ್ಲ. ಸುರಕ್ಷಾ ಸಂಹಿತೆಯ 497ನೇ ಕಲಂ ಪ್ರಕಾರ ಮಾಲು ಕೋರ್ಟಿನ ಮುಂದೆ ಬಂದ 14 ದಿನದೊಳಗೆ ಅದರ ವಿವರ ಬರೆದು, ಫೋಟೊ ಅಥವಾ ವಿಡಿಯೊ ತೆಗೆಯಬೇಕು. ನಂತರದ 30 ದಿನದೊಳಗೆ ಅದನ್ನು ಯಾರಿಗೆ ಕೊಡಬೇಕೆಂದು ಆದೇಶವಾಗಬೇಕು. ಖರೀದಿ ಬಿಲ್ಲು, ಗುರುತಿನ ಸಂಖ್ಯೆಯ ಪಟ್ಟಿ ಇಟ್ಟುಕೊಂಡು ವಕೀಲರ ಮೂಲಕ ಅರ್ಜಿ ಹಾಕಿಸಿ. ಬಾಂಡ್ ಬರೆಸಿಕೊಂಡು ಮಾಲು ಬಿಡುಗಡೆ ಮಾಡುವುದು ರೂಢಿಯಲ್ಲಿದೆ. ರೇಷ್ಮೆಯಾದರೆ ತಡಮಾಡಬೇಡಿ. ಮೂಟೆಯಲ್ಲಿ ಕಟ್ಟಿಟ್ಟ ಜರಿ ಒಂದು ಮಳೆಗಾಲದಲ್ಲೇ ಕಪ್ಪಾಗುತ್ತದೆ.